ಮೀನು ಬಿಟ್ಟ ಮನೆ

ಬೂದಿ ಬುಧವಾರದ ಸಂಜೆಯ ಪೂಜೆ ಮುಗಿಸಿ, ಹಣೆಯ ಬೂದಿ ಒರೆಸದೆ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕೂತಿದ್ದಾಗ ಫೋನಿಗೊಂದು ಸಂದೇಶ ಬಂತು. ಮೀನು ಮಾಂಸ ಮನೆಗೇ ತಲುಪಿಸುವ ಕಂಪನಿಯದು. ತಪಸ್ಸುಕಾಲದ ಶುಭಾಶಯ ಕೋರಿ, ಅಂಜಲ್, ಪಾಂಪ್ಲೆಟ್, ಸಿಗಡಿಗೆ ರಿಯಾಯಿತಿ ಘೋಷಿಸಿತ್ತು. ತಪಸ್ಸಿಗೆ ಶುಭಾಶಯ ಹೇಳುವವರನ್ನು ಅದೇ ಮೊದಲು ಕಂಡದ್ದು. ಆದರೆ ಕಂಪನಿಯ ಲೆಕ್ಕವೇನೂ ತಪ್ಪಿರಲಿಲ್ಲ. ಕಥೋಲಿಕರಿಗೆ ತಪಸ್ಸುಕಾಲದ ಶುಕ್ರವಾರಗಳಂದು ವರ್ಜ್ಯವಾದದ್ದು ಮಾಂಸ, ಮೀನಲ್ಲ. ಈ ಸಣ್ಣ ಕಿಂಡಿಯಿಂದ ಜಗತ್ತಿನಲ್ಲಿ ಏನೇನೆಲ್ಲ ನುಸುಳಿದೆ! 1962ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮೆಕ್‌ಡೊನಾಲ್ಡ್ಸ್ ಅಂಗಡಿಯವನೊಬ್ಬ, ಕಥೋಲಿಕ ಗಿರಾಕಿಗಳು ಶುಕ್ರವಾರ ಬಂತೆಂದರೆ ಅತ್ತ ಸುಳಿಯದೆ ಇರುವುದನ್ನು ನೋಡಿ ನೋಡಿ, ಬನ್ನಿನೊಳಗೆ ಮೀನು ಇಟ್ಟು ಮಾರತೊಡಗಿದ. ವೆನೆಜುವೆಲಾದವರಂತೂ ಕ್ಯಾಪಿಬಾರಾ ಎಂಬ, ನೀರಲ್ಲಿ ಈಜುವ ಹಂದಿಗಾತ್ರದ ಹೆಗ್ಗಣವನ್ನೂ ಮೀನಿನ ಲೆಕ್ಕಕ್ಕೆ ಸೇರಿಸಿಕೊಂಡು ತಪಸ್ಸುಕಾಲ ಕಳೆಯುತ್ತಾರೆ.

ನಮ್ಮ ಅಪ್ಪ ಒಂದು ವರ್ಷ ಆ ಕಿಂಡಿಯನ್ನೇ ಮುಚ್ಚಿಬಿಟ್ಟಿದ್ದ.

ಎಂಬತ್ತರ ದಶಕದ ಆರಂಭದ ಮಾತು. ಮಂಗಳೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಒಳಕ್ಕೆ ಹೊಳೆಬದಿಯ ಊರು. ಮನೆಯೊಳಗೆ ಕೊಂಕಣಿ, ಅಂಗಳಕ್ಕಿಳಿದರೆ ತುಳು, ಶಾಲೆಗೆ ಹೋದರೆ ಕನ್ನಡ. ಅಪ್ಪ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಮಾಂಸವೆಂಬುದು ನಮ್ಮಲ್ಲಿ ಭಾನುವಾರದ ಸಂಗತಿ, ಅದೂ ಸಂಬಳ ಬಂದ ವಾರ ಇಲ್ಲವೇ ನೆಂಟರು ಬಂದ ವಾರ. ಮೀನು ಹಾಗಲ್ಲ. ಬೆಳಗ್ಗೆ ಗಂಜಿಯ ಜೊತೆಗೆ ನಿನ್ನೆಯ ಬೂತಾಯಿ ಸಾರು, ಮಣ್ಣಿನ ಪಾತ್ರೆಯಲ್ಲಿ ರಾತ್ರಿಯಿಡೀ ಇಂಗಿ ತಳ ಹಿಡಿದದ್ದು. ಮಧ್ಯಾಹ್ನಕ್ಕೆ ಹೊಸ ಮೀನು. ರಾತ್ರಿಗೆ ಉಳಿದದ್ದು. ದೊಡ್ಡ ಮೀನು ಬಂದ ದಿನ ತಲೆಯ ತುಂಡು ಅಪ್ಪನಿಗೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸಾರಿನಲ್ಲಿ ಮೀನಿಲ್ಲದ ದಿನ ಅಪ್ಪ ಎರಡು ತುತ್ತು ತಿಂದು ಎದ್ದು ಹೋಗಿ ಜಗಲಿಯಲ್ಲಿ ಕೂರುತ್ತಿದ್ದ. ಬೈಯುತ್ತಿರಲಿಲ್ಲ. ಆ ಸುಮ್ಮನಿರುವಿಕೆಗಿಂತ ಬೈಗುಳವೇ ವಾಸಿ ಎಂದು ಅಮ್ಮ ಹೇಳುತ್ತಿದ್ದಳು.

ಇಂಥ ಮನುಷ್ಯ ಬೂದಿ ಬುಧವಾರದ ಹಿಂದಿನ ಭಾನುವಾರ ಇಗರ್ಜಿಯಿಂದ ಬಂದವನೇ, ಈ ಸಲ ಪಾಸ್ಕಾ ಹಬ್ಬದ, ಅಂದರೆ ಈಸ್ಟರಿನ, ತನಕ ಮನೆಯಲ್ಲಿ ಮೀನು ಮಾಂಸ ಎರಡೂ ಇಲ್ಲ ಎಂದು ಸಾರಿದ. ಬೆಳಗಿನ ಪ್ರಸಂಗದಲ್ಲಿ ವಿಗಾರರು ಕೇಳಿದ್ದರಂತೆ: ವಾರದಲ್ಲಿ ಆರು ದಿನ ಮೀನು ತಿನ್ನುವ ಜನ ನೀವು, ಶುಕ್ರವಾರ ಮಾಂಸ ಬಿಟ್ಟೆವೆಂದು ದೇವರಿಗೆ ಹೇಳಲು ನಾಚಿಕೆಯಾಗುವುದಿಲ್ಲವೇ? ಇಡೀ ಇಗರ್ಜಿ ನಕ್ಕಿತ್ತು. ಅಪ್ಪ ನಕ್ಕಿರಲಿಲ್ಲ.

ಪ್ರಸಂಗ ನೆಪವಷ್ಟೇ ಎಂದು ಗೊತ್ತಾದದ್ದು ಆಮೇಲೆ. ಅಣ್ಣ ಹಿಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದಿದ್ದ. ಈ ವರ್ಷದ ಪರೀಕ್ಷೆ ತಪಸ್ಸುಕಾಲದ ನಡುವೆಯೇ ಬೀಳುತ್ತಿತ್ತು. ಅಪ್ಪ ಹರಕೆ ಹೊತ್ತಿದ್ದ. ಅಜ್ಜಿಗೆ ಮೊದಲ ದಿನವೇ ವಾಸನೆ ಬಡಿದಿತ್ತು. "ದೇವರ ಹತ್ತಿರ ವ್ಯಾಪಾರಕ್ಕೆ ಹೋಗಬೇಡ ಪುತಾ, ಅವನೇನು ನಿನ್ನ ಹಂಚಿನ ಕಾರ್ಖಾನೆಯ ಸಾಹುಕಾರನೇ?" ಎಂದಳು. ಅಪ್ಪ ಉತ್ತರ ಕೊಡಲಿಲ್ಲ. ಅಣ್ಣ ಲೆಕ್ಕದ ಪುಸ್ತಕ ಎತ್ತಿಕೊಂಡು ಅಟ್ಟ ಹತ್ತಿದ.

ಅಜ್ಜಿಗೆ ಹಾಗೆ ಹೇಳುವ ಹಕ್ಕಿತ್ತು. ಅವಳು ಹಳೆಯ ಕಟ್ಟಳೆಯಲ್ಲಿ ಬೆಳೆದವಳು. ಕಥೋಲಿಕ ಸಭೆಯ 1917ರ ಕಾನೂನು ಸಂಹಿತೆಯ ಪ್ರಕಾರ ತಪಸ್ಸುಕಾಲದಲ್ಲಿ ಭಾನುವಾರ ಬಿಟ್ಟರೆ ಮಿಕ್ಕ ದಿನಗಳೆಲ್ಲ ಉಪವಾಸವೇ: ಹೊಟ್ಟೆ ತುಂಬ ಒಂದು ಊಟ, ಉಳಿದಂತೆ ಚೂರುಪಾರು. ಪ್ರಾಂತಕ್ಕೊಂದು ವಿನಾಯಿತಿ ಇದ್ದೀತು, ಆದರೆ ಅಜ್ಜಿಯ ತಾಯಿಗೆ ವಿನಾಯಿತಿಗಳ ಮೇಲೆ ನಂಬಿಕೆ ಇರಲಿಲ್ಲವಂತೆ. 1966ರ ಫೆಬ್ರವರಿಯಲ್ಲಿ ಪೋಪ್ ಆರನೆಯ ಪೌಲರು ಹೊಸ ಶಾಸನ ತಂದು ಕಡ್ಡಾಯದ ಉಪವಾಸವನ್ನು ಬೂದಿ ಬುಧವಾರ, ಶುಭ ಶುಕ್ರವಾರ ಈ ಎರಡೇ ದಿನಗಳಿಗೆ ಇಳಿಸಿದರು. ಉಳಿದದ್ದನ್ನು ಅವರವರ ಮನಸ್ಸಾಕ್ಷಿಗೆ, ಆಯಾ ದೇಶದ ಬಿಷಪರ ವಿವೇಚನೆಗೆ ಬಿಟ್ಟರು. 14 ತುಂಬದ ಮಕ್ಕಳಿಗೆ ಮಾಂಸ ಬಿಡುವ ಕಟ್ಟುಪಾಡಿಲ್ಲ, 59 ದಾಟಿದವರಿಗೆ ಉಪವಾಸದ ಕಟ್ಟುಪಾಡಿಲ್ಲ. ಆ ಲೆಕ್ಕ ಹಿಡಿದರೆ ನಾನೂ ತಂಗಿಯೂ ಪಾರು, ಅಜ್ಜಿಯೂ ಪಾರು. ಆದರೆ ನಮ್ಮ ಮನೆಯಲ್ಲಿ ರೋಮಿನ ಕಾನೂನಿಗಿಂತ ಅಪ್ಪನ ಕಾನೂನು ಬಿಗಿ. ಅಜ್ಜಿಗೂ ಇಲ್ಲ, ಮಕ್ಕಳಿಗೂ ಇಲ್ಲ, ಬೆಕ್ಕಿಗೂ ಇಲ್ಲ. ಬೆಕ್ಕು ಕಥೋಲಿಕವಲ್ಲದ್ದರಿಂದ ನಾಲ್ಕನೆಯ ದಿನ ಮನೆ ಬಿಟ್ಟು ನೆರೆಮನೆ ಸೇರಿತು.

ಬೂದಿ ಬುಧವಾರದ ಹಿಂದಿನ ಮಂಗಳವಾರ ರಾತ್ರಿ ಭರ್ಜರಿ ಊಟ. ಅಮ್ಮ ಹಂದಿ ಬಾಫಾತ್, ಸಾನ್ನಾ ಮಾಡಿದ್ದಳು, ಜೊತೆಗೆ ಬಂಗುಡೆ ಹುರಿದಿದ್ದಳು. ದೂರದೂರಿಗೆ ಹೊರಟವರಿಗೆ ಬಡಿಸುವಂತೆ ಬಡಿಸಿದಳು. ಮರುದಿನ ಬೆಳಗ್ಗೆ ಇಗರ್ಜಿಯಲ್ಲಿ ಹಣೆಗೆ ಬೂದಿ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಯನ್ನು ಸುಟ್ಟು ಮಾಡಿದ ಬೂದಿ ಅದು. ಹಾಗೇ ಶಾಲೆಗೆ ಹೋದರೆ ಯಾರೂ ಏನೆಂದು ಕೇಳುತ್ತಿರಲಿಲ್ಲ. ವಿಭೂತಿ, ಗಂಧ, ಕುಂಕುಮಗಳ ನಡುವೆ ನಮ್ಮದೂ ಒಂದು.

ಹತ್ತು ಗಂಟೆಯ ಹೊತ್ತಿಗೆ ಮೀನಿನವಳು ಬಂದಳು. ಮೊಗವೀರರ ಹೆಂಗಸು, ನಸುಕಿಗೇ ಎದ್ದು ಮಂಗಳೂರಿನ ದಕ್ಕೆಗೆ ಹೋಗಿ, ಹರಾಜಿನಲ್ಲಿ ಬುಟ್ಟಿ ತುಂಬಿಸಿಕೊಂಡು, ಮೊದಲ ಬಸ್ಸಿನ ಹಿಂದಿನ ಸೀಟಿನಲ್ಲಿ ಬರುವವಳು. ಬಸ್ಸಿನಲ್ಲಿ ಅವಳ ಬುಟ್ಟಿಗೊಂದು ಚಾರ್ಜು, ಅವಳಿಗೊಂದು ಚಾರ್ಜು. ಜೊತೆಗೆ ಮೂಗು ಮುಚ್ಚಿಕೊಳ್ಳುವ ಪ್ರಯಾಣಿಕರ ಮುಖ ಉಚಿತ. ಅವಳ ಗಂಡನ ಮನೆಯವರು ಹಿಂದೆ ರಾಂಪಣಿ ಬಲೆಯ ಪಾಲುದಾರರು. ಎಪ್ಪತ್ತರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ಮೀನಿನ ಹಿಂಡನ್ನು ಕಡಲಲ್ಲೇ ಬಾಚಿದ ಮೇಲೆ ದಡದಿಂದ ಎಳೆಯುವ ಆ ದೊಡ್ಡ ಬಲೆಗಳು ಮೂಲೆ ಸೇರಿದ್ದವು. ಇದನ್ನೆಲ್ಲ ಅವಳು ನಮ್ಮ ಅಂಗಳದಲ್ಲಿ ಕೂತು, ಅಮ್ಮ ಕೊಟ್ಟ ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು, ನೀರು ಕುಡಿಯುತ್ತ ಹೇಳಿದ್ದು. ನಮ್ಮ ಅಂಗಳ ಅವಳ ದಾರಿಯ ಅರ್ಧದ ನಿಲ್ದಾಣ.

ಆ ದಿನ ಅಮ್ಮ ಬೇಡವೆಂದು ಕೈಯಾಡಿಸಿದಳು. "ದಾನೆ ಬಾಯಮ್ಮ, ಮೀನ್ ಬೊಡ್ಚಾ?" ಎಂದು ಅವಳು ಬುಟ್ಟಿ ಇಳಿಸದೆಯೇ ಕೇಳಿದಳು. ಅಮ್ಮ ವಿಷಯ ಹೇಳಿದಳು. ಹರಕೆಯ ವಿಚಾರ ಆಕೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಮನೆಯಲ್ಲೂ ಸಂಕ್ರಮಣ, ಸೋಮವಾರ ಎಂದು ಮೀನು ಬಿಡುವ ದಿನಗಳಿದ್ದವು. ಅವಳು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಮನೆಯೊಂದೋ, ಎಲ್ಲ ಪೊರ್ಬುಗಳ ಮನೆಯೋ?

ಎಲ್ಲ ಮನೆಗಳೂ ಅಲ್ಲ. ಆದರೆ ವಿಗಾರರ ಮಾತು ಕೆಲಸ ಮಾಡಿತ್ತು. ನಮ್ಮ ದಾರಿಯಲ್ಲಿದ್ದ ಕ್ರೈಸ್ತರ ಮನೆಗಳಲ್ಲಿ ಅರ್ಧಕ್ಕರ್ಧ ಆ ಸಲ ಮೀನು ನಿಲ್ಲಿಸಿದ್ದವು. ಅವಳು ಲೆಕ್ಕ ಹಾಕಿದ್ದು ಮುಖದಲ್ಲೇ ಕಾಣುತ್ತಿತ್ತು. ಬೆಲ್ಲ ತೆಗೆದುಕೊಳ್ಳದೆ ಹೋದಳು.

ಇಗರ್ಜಿಯಿಂದ ಒಂದು ಲಕೋಟೆ ಕೊಟ್ಟಿದ್ದರು. ತಪಸ್ಸಿನಿಂದ ಉಳಿದ ಹಣವನ್ನು ಅದರಲ್ಲಿ ಹಾಕಿ ಬಡವರಿಗಾಗಿ ಒಪ್ಪಿಸಬೇಕು. ಅಪ್ಪ ಅದನ್ನು ಅಲ್ತಾರದ ಕೆಳಗೆ, ಯೇಸುವಿನ ಪವಿತ್ರ ಹೃದಯದ ಪಟದ ಹತ್ತಿರ ಇಟ್ಟಿದ್ದ. ಪ್ರತಿ ರಾತ್ರಿ ಜಪಸರ ಮುಗಿದ ಮೇಲೆ ಆ ದಿನದ ಮೀನಿನ ದುಡ್ಡನ್ನು ಎಣಿಸಿ ಹಾಕುತ್ತಿದ್ದ. ಗುಮಾಸ್ತನ ಶಿಸ್ತು: ಒಂದು ಚೀಟಿಯಲ್ಲಿ ತಾರೀಖು, ಮೊತ್ತ, ಪಕ್ಕದಲ್ಲಿ ಸಣ್ಣ ಸಹಿ. ಆ ಲಕೋಟೆ ದಿನದಿಂದ ದಿನಕ್ಕೆ ಉಬ್ಬುತ್ತ ಹೋದದ್ದನ್ನು ನೋಡಿ ನಮಗೆಲ್ಲ ಎಷ್ಟು ಹೆಮ್ಮೆ! ಎಲ್ಲೋ ಇರುವ ಬಡವರಿಗೆ ನಮ್ಮ ಬೂತಾಯಿ ಹೋಗಿ ತಲುಪುತ್ತಿತ್ತು. ಬಿಸಿಲಲ್ಲಿ ಬುಟ್ಟಿ ಹೊತ್ತು ಗೇಟಿನ ಮುಂದೆ ಹಾದುಹೋಗುತ್ತಿದ್ದ ಹೆಂಗಸು ಬಡವಳೆಂಬುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಅಮ್ಮನಿಗೆ ಹೊಳೆದಿತ್ತು. ಒಂದು ವಾರ ಕಳೆದಿರಬೇಕು, ನಾವು ಶಾಲೆಯಿಂದ ಬಂದಾಗ ಅಂಗಳದ ತುಂಬ ಮೀನು. ತೆಂಗಿನ ಗರಿಯ ತಡಿಕೆಯ ಮೇಲೆ ಸೀಳಿದ ಬಂಗುಡೆಗಳ ಸಾಲು, ಹಳೇ ಚಾಪೆಯ ಮೇಲೆ ಸಿಗಡಿ, ನಂಗು. ಸಂಜೆ ಅಪ್ಪ ಬಂದು ಮೆಟ್ಟಿಲಲ್ಲೇ ನಿಂತ.

"ಏನಿದು?"

"ಮಳೆಗಾಲಕ್ಕೆ," ಎಂದಳು ಅಮ್ಮ.

"ಮೀನು ಇಲ್ಲ ಅಂತ ಹೇಳಿದ್ದೆನಲ್ಲ."

"ತಿನ್ನುವುದಿಲ್ಲ ಅಂತ ಹೇಳಿದ್ದು ನೀವು. ತೆಗೆದುಕೊಳ್ಳುವುದಿಲ್ಲ ಅಂತ ಯಾವಾಗ ಹೇಳಿದಿರಿ?"

ಕರಾವಳಿಯ ಯಾವ ಮನೆಯಲ್ಲೂ ಇದಕ್ಕೆ ಎದುರು ವಾದವಿಲ್ಲ. ಜೂನಿನಲ್ಲಿ ಕಡಲು ಎದ್ದಿತೆಂದರೆ ಬೋಟು ಇಳಿಯುವುದಿಲ್ಲ. ಈಗಂತೂ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಸರಕಾರದ್ದೇ ನಿಷೇಧವಿದೆ. ಆ ತಿಂಗಳುಗಳನ್ನು ದಾಟಿಸುವುದು ಒಣಮೀನು, ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ. ಒಣಗಿಸಲು ಬಿಸಿಲು ಬೇಕಾದ್ದು ಫೆಬ್ರವರಿಯಿಂದ ಏಪ್ರಿಲಿನ ತನಕ, ಅಂದರೆ ಸರಿಯಾಗಿ ತಪಸ್ಸುಕಾಲದಲ್ಲೇ. ಮೀನಿನ ಹೊಟ್ಟೆ ಸೀಳಿ ಕರುಳು ತೆಗೆದು, ಕಲ್ಲುಪ್ಪು ತುಂಬಿ, ಭರಣಿಯಲ್ಲಿ ಒಂದು ರಾತ್ರಿ ಒತ್ತಿಟ್ಟು, ಮರುದಿನ ತೊಳೆದು ಬಿಸಿಲಿಗೆ ಹರವಬೇಕು. ಮಗ್ಗುಲು ಬದಲಿಸುತ್ತಿರಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತರಬೇಕು. ಪ್ರತಿ ವರ್ಷ ಅಮ್ಮ ಇದನ್ನು ಒಂದೆರಡು ಸಲ ಮಾಡುತ್ತಿದ್ದಳು. ಆ ವರ್ಷ ವಾರ ವಾರವೂ ಮಾಡಿದಳು. ಎರಡು ಮಳೆಗಾಲಕ್ಕಾಗುವಷ್ಟು ಮೀನು ಅಟ್ಟ ಸೇರಿತು. ಮೀನಿನವಳು ಮತ್ತೆ ಅಂಗಳದಲ್ಲಿ ಕೂತು ಬೆಲ್ಲ ತಿನ್ನತೊಡಗಿದಳು.

ದುಡ್ಡು ಎಲ್ಲಿಂದ ಬಂತು? ಲಕೋಟೆಗೆ ಬೀಳುತ್ತಿದ್ದ ದುಡ್ಡಂತೂ ಅಲ್ಲ, ಅದರ ಚೀಟಿ ಪಕ್ಕಾ ಇತ್ತು. ಕೋಳಿಮೊಟ್ಟೆ ಮಾರಿದ್ದು, ತೆಂಗಿನಕಾಯಿಯಲ್ಲಿ ಒಂದಷ್ಟು ಆಚೀಚೆ ಮಾಡಿದ್ದು ಇರಬೇಕು. ಕೆಲವು ದಿನ ಮೀನಿಗೆ ಬದಲು ಕುಚ್ಚಲಕ್ಕಿ ಅಳೆದು ಕೊಟ್ಟದ್ದನ್ನು ತಂಗಿ ನೋಡಿದ್ದಾಳೆ.

ಅಪ್ಪನ ಪಾಡು ಹೇಳಬೇಕು. ಮೀನು ಬಿಟ್ಟ ಮನುಷ್ಯನ ಮನೆ ಇಡೀ ಊರಿಗೆ ಮೀನು ನಾರುತ್ತಿತ್ತು. ಭಾನುವಾರ ಬೆಳಗ್ಗೆ ಪೂಜೆ ಮುಗಿಸಿ ಬಂದವನು ಪ್ಯಾಂಟು ಬಿಚ್ಚಿ ಲುಂಗಿ ಉಟ್ಟು, ಉದ್ದನೆಯ ಬಿದಿರುಕೋಲು ಹಿಡಿದು, ಬಾವಿಕಟ್ಟೆಯ ನೆರಳಲ್ಲಿ ಕಾಗೆ ಓಡಿಸಲು ಕೂರುತ್ತಿದ್ದ. ಯಾರೂ ಹೇಳಿದ್ದಲ್ಲ, ತಾನಾಗಿ. ಗಂಟೆಗಟ್ಟಲೆ ಕೂತಿರುತ್ತಿದ್ದ. ಬಿಸಿಲೇರಿದಂತೆ ಸಿಗಡಿಯ ವಾಸನೆ ಗಾಳಿಯಲ್ಲಿ ತೇಲುತ್ತಿತ್ತು. ಅಪ್ಪ ಮೂಗು ತಿರುಗಿಸುತ್ತಿರಲಿಲ್ಲ, ಹತ್ತಿರವೂ ಹೋಗುತ್ತಿರಲಿಲ್ಲ. ಅವನ ಹಟವನ್ನು ನಾನು ಆಮೇಲೆ ಬಹಳ ಸಲ ಟೀಕಿಸಿದ್ದೇನೆ, ಇಲ್ಲೂ ಟೀಕಿಸುತ್ತಿದ್ದೇನೆ. ಆದರೆ ಮಗನ ಲೆಕ್ಕದ ಪರೀಕ್ಷೆಗೆ ತನ್ನಿಂದ ಆಗುವುದು ಇಷ್ಟೇ ಎಂದು ಗೊತ್ತಿದ್ದವನು, ಆ ಇಷ್ಟನ್ನು ಹಲ್ಲುಕಚ್ಚಿ ಮಾಡಿದ. ಟ್ಯೂಷನ್ನಿಗೆ ಕಳಿಸುವ ಶಕ್ತಿ ಇರಲಿಲ್ಲ. ತ್ರಿಕೋನಮಿತಿ ಅವನಿಗೆ ಬರುತ್ತಿರಲಿಲ್ಲ.

ಅಡಿಗೆಮನೆಯ ಕತೆಯೇ ಬೇರೆ. ಮೀನಿದ್ದರೆ ಅಮ್ಮನಿಗೆ ಕೆಲಸ ಸುಲಭ: ಒಂದು ಅರೆಪು, ಒಂದು ಸಾರು, ಮುಗಿಯಿತು. ಈಗ ದಿನಕ್ಕೆ ಎರಡು ಮೂರು ಪಲ್ಯ, ಗಸಿ, ಚಟ್ನಿ. ಏನು ಮಾಡಿದರೂ ಅಪ್ಪ ತಟ್ಟೆಯನ್ನು ಒಮ್ಮೆ ನೋಡಿ, ತ್ಯಾಗ ಮಾಡಿದವನ ಮುಖ ಮಾಡಿಕೊಂಡು ಉಣ್ಣುವುದು. ಅಮ್ಮ ಪಕ್ಕದ ಭಟ್ಟರ ಮನೆಗೆ ಹೋಗಿ ಅಲ್ಲಿನ ಅಮ್ಮನವರಿಂದ ಕೊದ್ದೆಲ್, ಮೆಣಸ್ಕಾಯಿ, ತಂಬುಳಿ ಕಲಿತು ಬಂದಳು. ಆ ಅಮ್ಮನವರು ಬೇಲಿಯಾಚೆಯಿಂದ ಒಮ್ಮೆ ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಅಲ್ಲ ಬಾಯಿ, ನಾವು ಶ್ರಾದ್ಧಕ್ಕೆ, ಹಬ್ಬಕ್ಕೆ ಮಾಡುವುದನ್ನೆಲ್ಲ ನೀವು ಉಪವಾಸ ಅಂತ ತಿನ್ನುವುದಾ?" ಅಮ್ಮ ನಕ್ಕು ನಕ್ಕು ಬೇಲಿಯ ಗೂಟ ಹಿಡಿದುಕೊಂಡಳು. ಅಪ್ಪನಿಗೆ ಹೇಳಲಿಲ್ಲ.

ಆ ವರ್ಷದ ದೊಡ್ಡ ಆವಿಷ್ಕಾರವೆಂದರೆ ಗುಜ್ಜೆ. ಎಳೆ ಹಲಸನ್ನು ತುಂಡು ಮಾಡಿ, ಹಂದಿಗೆ ಹಾಕುವ ಬಾಫಾತ್ ಪುಡಿಯನ್ನೇ ಹಾಕಿ, ಈರುಳ್ಳಿ, ಶುಂಠಿ, ಹುಳಿ ಸೇರಿಸಿ ಬೇಯಿಸಿದರೆ ಕಣ್ಣು ಮುಚ್ಚಿ ತಿನ್ನುವವನಿಗೆ ವ್ಯತ್ಯಾಸ ತಿಳಿಯದು. ತೊಂಡೆಕಾಯಿಗೆ ಹಸಿ ಗೇರುಬೀಜ ಹಾಕಿದ ಪಲ್ಯವಂತೂ ಬಿಷಪರು ಬಂದರೂ ಬಡಿಸಬಹುದಾದದ್ದು. ನಾವು ಮಕ್ಕಳು ಮೀನನ್ನು ಮರೆತೇಬಿಟ್ಟಿದ್ದೆವು. ನಿಜ ಹೇಳಬೇಕೆಂದರೆ ನಮ್ಮ ಮನೆ ಅತ್ಯಂತ ರುಚಿಯಾಗಿ ಉಂಡದ್ದು ಆ ತಪಸ್ಸುಕಾಲದಲ್ಲೇ. ನಮ್ಮ ತಪಸ್ಸಿನ ಭಾರವೆಲ್ಲ ಒರಳುಕಲ್ಲಿನ ಮುಂದೆ ಕೂತವಳ ರಟ್ಟೆಯ ಮೇಲಿತ್ತು. ಮಿಕ್ಸಿ ನಮ್ಮ ಮನೆಗೆ ಬಂದದ್ದು ಎಷ್ಟೋ ವರ್ಷದ ಮೇಲೆ.

ಭಾನುವಾರದ ತಕರಾರು ಎದ್ದದ್ದು ನಡುವಿನಲ್ಲಿ. ಬೂದಿ ಬುಧವಾರದಿಂದ ಪಾಸ್ಕಾದ ಹಿಂದಿನ ಶನಿವಾರದ ತನಕ ಎಣಿಸಿದರೆ 46 ದಿನ. ಭಾನುವಾರಗಳು ಆರು, ಅವು ಪುನರುತ್ಥಾನದ ದಿನಗಳು, ತಪಸ್ಸಿನ ಲೆಕ್ಕಕ್ಕಿಲ್ಲ. ಕಳೆದರೆ ನಲ್ವತ್ತು. ಇದನ್ನು ದೊತೊರ್ನಿನ, ಅಂದರೆ ಧರ್ಮೋಪದೇಶದ, ಪಾಠದಲ್ಲಿ ಕಲಿತು ಬಂದು ಹೇಳಿದ್ದು ಲೆಕ್ಕದಲ್ಲಿ ನಪಾಸಾಗಿದ್ದ ಅಣ್ಣನೇ. ಅಪ್ಪ ನಂಬದೆ ವಿಗಾರರನ್ನು ಕೇಳಿದ. ಹುಡುಗ ಹೇಳಿದ್ದು ಸರಿ, ಭಾನುವಾರ ಧಾರಾಳವಾಗಿ ತಿನ್ನಿ ಎಂದರು ಅವರು. ಅಪ್ಪ ಮನೆಗೆ ಬಂದು, "ಸಭೆಯ ಲೆಕ್ಕ ಸಭೆಗೆ, ಹರಕೆಯ ಲೆಕ್ಕ ನನಗೆ" ಎಂದುಬಿಟ್ಟ. ಅಣ್ಣ ಆ ರಾತ್ರಿ ಊಟ ಬಿಟ್ಟ. ಅದೂ ಉಪವಾಸದ ಖಾತೆಗೆ ಜಮೆಯಾಯಿತು.

ಇದೇ ಹೊತ್ತಿಗೆ ನಮ್ಮ ಬಾಪ್ಪು, ಅಪ್ಪನ ತಮ್ಮ, ಎಂದಿನಂತೆ ಸಾರಾಯಿ ಬಿಟ್ಟಿದ್ದ. ಅವನು ಪ್ರತಿ ತಪಸ್ಸುಕಾಲದಲ್ಲೂ ಬಿಡುತ್ತಿದ್ದ, ಪಾಸ್ಕಾದ ಸಂಜೆ ಬಡ್ಡಿ ಸಮೇತ ಹಿಡಿಯುತ್ತಿದ್ದ. ಊರಿಗೆ ಅದು ತಮಾಷೆ. ಚಿಕ್ಕಮ್ಮನಿಗೆ ವರ್ಷದಲ್ಲಿ ಬಾಗಿಲು ಬಡಿದ ಸದ್ದಿಗೆ ಬೆಚ್ಚಬೇಕಾಗಿಲ್ಲದ ಆರು ವಾರ. ತಪಸ್ಸುಕಾಲವನ್ನು ನೂರು ದಿನ ಮಾಡಬಾರದೇ ಎಂದು ಅವಳು ಅಮ್ಮನ ಹತ್ತಿರ ಹೇಳಿದ್ದು ನನಗೆ ಅರ್ಥವಾದದ್ದು ದೊಡ್ಡವಳಾದ ಮೇಲೆ.

ಬೂದಿ ಬುಧವಾರದ ಬೆನ್ನಿಗೆ ಬರುವ ಶುಕ್ರವಾರದ ಪೂಜೆಯಲ್ಲಿ ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯ ಓದುತ್ತಾರೆ. ಉಪವಾಸ ಮಾಡಿದರೂ ದೇವರು ನೋಡಲಿಲ್ಲವಲ್ಲ ಎಂದು ಜನ ಗೊಣಗುತ್ತಾರೆ. ಉಪವಾಸದ ದಿನವೂ ನಿಮ್ಮ ಲಾಭವನ್ನೇ ನೋಡಿಕೊಳ್ಳುತ್ತೀರಿ, ದುಡಿಯುವವರನ್ನು ಹಿಂಡುತ್ತೀರಿ ಎಂದು ದೇವರು ತಿರುಗೇಟು ಕೊಡುತ್ತಾನೆ. ಅಪ್ಪ ಅದನ್ನು ಪ್ರತಿ ವರ್ಷ ಕೇಳಿದವನು. ನಮ್ಮ ಸಾಲಿನ ಮನೆಗಳ ಯಜಮಾನರೆಲ್ಲ ಕೇಳಿದವರು. ಆ ಮಾತು ಇಗರ್ಜಿಯ ಗೋಡೆಯಿಂದ ಆಚೆ ಬಂದು ಗೇಟಿನ ಹತ್ತಿರ ನಿಂತ ಬುಟ್ಟಿಯನ್ನು ಮುಟ್ಟಿದ್ದು ಅಮ್ಮನ ಕೈಯಿಂದ ಮಾತ್ರ. ಅಮ್ಮ ಆ ಶುಕ್ರವಾರದ ಪೂಜೆಗೆ ಹೋಗಿರಲಿಲ್ಲ, ಒರಳಲ್ಲಿ ಕಡೆಯಬೇಕಿತ್ತು.

ಪವಿತ್ರ ವಾರದ ನೆನಪು ಎಲ್ಲ ಕಥೋಲಿಕ ಮನೆಗಳದ್ದೂ ಒಂದೇ ಬಗೆ. ಗುರುವಾರ ರಾತ್ರಿಯಿಂದ ಗಂಟೆ ಮೌನ, ಅದರ ಬದಲು ಮರದ ಗಿಲಕಿಯ ಕಟಕಟ. ಶುಭ ಶುಕ್ರವಾರ ಶಿಲುಬೆಹಾದಿ, ಗಂಜಿ, ಉಪ್ಪಿನಕಾಯಿ. ಶನಿವಾರ ನಡುರಾತ್ರಿ ಗಂಟೆಗಳು ಒಟ್ಟಿಗೆ ಬಾರಿಸಿದಾಗ ನಿದ್ದೆಯಿಂದ ಎಚ್ಚರ. ಪಾಸ್ಕಾದ ದಿನ ಬೆಳಗ್ಗೆಯೇ ಮೀನಿನವಳು ಬಂದು ದೊಡ್ಡ ಅಂಜಲೊಂದನ್ನು ಅಮ್ಮನ ಮುಂದೆ ಇಟ್ಟಳು. ದುಡ್ಡು ಆಮೇಲೆ ನೋಡುವ ಎಂದಳು. ಅಪ್ಪ ಜಗಲಿಯಿಂದ ಇಳಿದು ಬಂದು ಮೀನನ್ನು ನೋಡಿದ, ಅವಳನ್ನು ನೋಡಿದ, ಒಳಗೆ ಹೋಗಿ ಪೂರ್ತಿ ದುಡ್ಡು ತಂದು ಕೊಟ್ಟ. ಲಕೋಟೆ ಹಿಂದಿನ ವಾರವೇ ಇಗರ್ಜಿ ಸೇರಿತ್ತು. ತಲೆಯ ತುಂಡು ಅಪ್ಪನ ತಟ್ಟೆಗೆ ಬಿತ್ತು. ಅವನು ತಿನ್ನುವುದನ್ನು ನಾವೆಲ್ಲ ಕೈಕಟ್ಟಿ ನೋಡಿದೆವು.

ಅಣ್ಣ ಪಾಸಾದ. ಲೆಕ್ಕದಲ್ಲಿ ಅಂಚಿಗೆ ಬಂದು ನಿಂತ ಪಾಸು, ಆದರೂ ಪಾಸೇ. ಮುಂದಿನ ಪಾಡು ಅಲ್ಲಿಗೆ ನಿರ್ಧಾರವಾಯಿತು. ಹರಕೆ ಫಲಿಸಿದ ಮೇಲೆ ಮೀನು ತಿಂದು ದೇವರಿಗೆ ಕೈಕೊಡುವುದು ಹೇಗೆ? ಅಪ್ಪ ಬದುಕಿದ್ದಷ್ಟು ವರ್ಷವೂ ನಮ್ಮ ಮನೆಯ ತಪಸ್ಸುಕಾಲ ಹಾಗೇ ನಡೆಯಿತು. ಅಣ್ಣ ಕೊಲ್ಲಿಗೆ ಹೋದ, ನಾವು ಮದುವೆಯಾಗಿ ಹೋದೆವು, ಅಜ್ಜಿ ತೀರಿಕೊಂಡಳು. ಹಂಚಿನ ಕಾರ್ಖಾನೆ ಮುಚ್ಚಿತು. ಇಬ್ಬರೇ ಉಳಿದ ಮನೆಯಲ್ಲಿ ಅಮ್ಮ ಪ್ರತಿ ಫೆಬ್ರವರಿಯಲ್ಲಿ ಗುಜ್ಜೆ ಬಾಫಾತ್ ಮಾಡುತ್ತಿದ್ದಳು, ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು.

ಮೀನಿನವಳು ಬರುವುದು ಯಾವಾಗ ನಿಂತಿತೋ ಸರಿಯಾಗಿ ಯಾರಿಗೂ ನೆನಪಿಲ್ಲ. ಮಂಡಿನೋವು, ಮಗ ಬೇಡವೆಂದ, ಅಂತೇನೋ. ಈಗ ಊರಿಗೆ ಮೀನು ಸ್ಕೂಟರಿನಲ್ಲಿ ಬರುತ್ತದೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸು, ಗೇಟಿನ ಹೊರಗೇ ಹಾರನ್ನು. ಹುಡುಗ ಅಂಗಳಕ್ಕೆ ಬರುವುದಿಲ್ಲ, ಅವನಿಗೆ ಬೆಲ್ಲ ನೀರು ಬೇಕಾಗಿಲ್ಲ, ಪುರುಸೊತ್ತೂ ಇಲ್ಲ. ಯಾರ ಮನೆಯವರು ಏನು ಬಿಟ್ಟರೂ ಅವನಿಗೆ ತೊಂದರೆಯಿಲ್ಲ, ಮುಂದಿನ ಓಣಿಯಿದೆ. ನಮ್ಮ ಸಂಬಂಧಿಕರ ವಾಟ್ಸಾಪ್ ಗುಂಪಿನಲ್ಲಿ ಈಗ ತಪಸ್ಸುಕಾಲಕ್ಕೆ ಬಿಡುವ ವಸ್ತುಗಳ ಪಟ್ಟಿ ಓಡಾಡುತ್ತದೆ: ಸಕ್ಕರೆ, ಚಾಕಲೇಟು, ಇನ್‌ಸ್ಟಾಗ್ರಾಮ್. ಸಕ್ಕರೆ ಬಿಟ್ಟವರು ನಾಲ್ಕನೆಯ ವಾರ ತೂಕದ ಯಂತ್ರದ ಫೋಟೋ ಹಾಕುತ್ತಾರೆ. ಅದೂ ಒಂದು ಬಗೆಯ ವ್ಯಾಪಾರವೇ. ಅಪ್ಪ ಕನಿಷ್ಠ ಮಗನಿಗಾಗಿ ಚೌಕಾಸಿಗೆ ಕೂತಿದ್ದ.

ನನ್ನ ಮಗಳು ಈ ಸಲ ರಾತ್ರಿ ಹೊರಗಿನಿಂದ ಊಟ ತರಿಸುವುದನ್ನು ಬಿಟ್ಟಿದ್ದಾಳೆ. ಅಜ್ಜ ಮೀನು ಬಿಟ್ಟ ಕತೆಯನ್ನು ಅವಳಿಗೆ ಹೇಳಿದಾಗ, "ಅಜ್ಜಿ ಏನು ಬಿಟ್ಟಿದ್ದರು?" ಎಂದು ಕೇಳಿದಳು. ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಅಷ್ಟೂ ವರ್ಷ ಯಾರೂ ಕೇಳಿರಲಿಲ್ಲ. ಅಮ್ಮನ ಹತ್ತಿರ ಬಿಡುವುದಕ್ಕೆ ಏನಿತ್ತು? ಮಧ್ಯಾಹ್ನದ ನಿದ್ದೆ ಇರಲಿಲ್ಲ. ಸಿನಿಮಾ ಇರಲಿಲ್ಲ. ಮೀನಿನ ನಡುತುಂಡು ಅವಳ ತಟ್ಟೆಗೆ ಬಿದ್ದದ್ದನ್ನು ನಾನು ನೋಡಿದ ನೆನಪಿಲ್ಲ.

ಅಪ್ಪ ತೀರಿಕೊಂಡ ಮರುವರ್ಷದ ತಪಸ್ಸುಕಾಲದ ಆರಂಭಕ್ಕೆ ನಾನು ಊರಲ್ಲಿದ್ದೆ. ಅಣ್ಣನೂ ರಜೆಯಲ್ಲಿ ಬಂದಿದ್ದ. ಬೂದಿ ಬುಧವಾರ ಮೂವರೂ ಒಟ್ಟಿಗೆ ಇಗರ್ಜಿಗೆ ಹೋಗಿ ಬಂದೆವು, ಗಂಜಿ ಉಂಡೆವು. ಮರುದಿನ ಬೆಳಗ್ಗೆ ಸ್ಕೂಟರಿನ ಹಾರನ್ ಕೇಳಿತು. ಅಮ್ಮ ಪರ್ಸು ಹಿಡಿದು ಗೇಟಿಗೆ ನಡೆದಳು. ತಂದದ್ದು ಅಂಜಲ್, ಇಡೀ ಮೀನು. ಒಣಗಿಸಲು ಯಾರೂ ಅಂಜಲ್ ತೆಗೆದುಕೊಳ್ಳುವುದಿಲ್ಲ, ಅಷ್ಟು ರೇಟಿಗೆ.

ಮಧ್ಯಾಹ್ನ ಸಾರಿನ ಪಾತ್ರೆ ಮೇಜಿಗೆ ಬಂದಾಗ ಅಣ್ಣ ಕೈತೊಳೆದು ಬಂದವನು ಕುರ್ಚಿ ಎಳೆಯದೆ ನಿಂತ.

"ಅಮ್ಮ, ತಪಸ್ಸುಕಾಲ ಅಲ್ವಾ?"

"ಹೌದು. ಇವತ್ತು ಗುರುವಾರ."

"ಅಪ್ಪ ಇದ್ದಿದ್ದರೆ..."

"ಹರಕೆ ಹೊತ್ತದ್ದು ಅವರು. ತೀರಿಸಿಯೇ ಹೋದರು. ನಾನು ಹೊತ್ತಿರಲಿಲ್ಲ." ಅನ್ನ ಬಡಿಸುತ್ತ ಅವಳು ಅವನ ಕಡೆ ನೋಡಿದಳು. "ನೀನು ಪಾಸಾಗಿ ಎಷ್ಟು ವರ್ಷವಾಯಿತು ಮಾರಾಯ? ಕೂತು ತಿನ್ನು."

ಅಣ್ಣ ಕೂತ. ಅಮ್ಮ ಸೌಟು ಹಾಕಿ ತಲೆಯ ತುಂಡನ್ನು ಹುಡುಕಿ ತೆಗೆದು ತನ್ನ ತಟ್ಟೆಗೆ ಹಾಕಿಕೊಂಡಳು. ಬೆರಳಿನಿಂದ ಕಿವಿರಿನ ಪಕ್ಕದ ಮಾಂಸ ಬಿಡಿಸಿ ಬಾಯಿಗಿಟ್ಟು, ಸ್ವಲ್ಪ ಹೊತ್ತು ಜಗಿದು, ಇದು ಐಸಿನದ್ದು, ನಾಲ್ಕು ದಿನವಾದರೂ ಆಗಿದೆ, ಸ್ಕೂಟರಿನವನು ಮೋಸ ಮಾಡಿದ ಎಂದಳು. ಹುಳಿ ಒಂಚೂರು ಜಾಸ್ತಿ ಹಾಕಿದ್ದರಿಂದ ಬಚಾವಾಯಿತಂತೆ.